ಚೆಕ್ಕಿನ ಕೊನೆಯ ಸಾಲು

ಬ್ಯಾಂಕಿನ ಚೆಕ್ಕನ್ನು ನೀವು ಒಮ್ಮೆಯಾದರೂ ಕಂಡಿರುತ್ತೀರಿ. ಉದ್ದ ಗೇಣಿಗಿಂತ ತುಸು ಕಡಿಮೆ, ಅಗಲ ಅಂಗೈಯಷ್ಟು. ಇಷ್ಟೇ ಅದರ ಆಕಾರ. ಹಣ ಪಡೆಯುವವರ ಹೆಸರು, ಅಕ್ಷರಗಳಲ್ಲಿ ಮೊತ್ತ, ಅಂಕಿಗಳಲ್ಲಿ ಮೊತ್ತ, ತಾರೀಖು, ಸಹಿ ಇವುಗಳನ್ನು ನೋಡಿ, ಎಲ್ಲವೂ ಸರಿಯಾಗಿದೆಯೆಂದು ತಿಳಿದು, ನಾವು ಅದನ್ನು ಮಡಿಸಿ ಜೇಬಿಗೆ ಇಳಿಸುತ್ತೇವೆ. ಆದರೆ ಆ ಹಾಳೆಯ ತೀರ ಕೆಳಗೆ, ಬಿಳಿಯ ಪಟ್ಟಿಯೊಂದರ ಮೇಲೆ, ವಿಚಿತ್ರವಾಗಿ ಮೈ ಉಬ್ಬಿಸಿಕೊಂಡ ಅಂಕಿಗಳ ಸಾಲೊಂದು ನಿಂತಿರುತ್ತದೆ. ಕೆಲವು ಅಂಕಿಗಳ ಹೊಟ್ಟೆ ದಪ್ಪ, ಕೆಲವಕ್ಕೆ ಪಾದ ದಪ್ಪ. ಅವುಗಳ ನಡುವೆ ಚುಕ್ಕೆಯೂ ಅಲ್ಲದ, ಗೆರೆಯೂ ಅಲ್ಲದ ಗುರುತುಗಳು. ಆ ಸಾಲನ್ನು ಓದುವವರು ನಮ್ಮಲ್ಲಿ ವಿರಳ. ಅದು ನಮಗಾಗಿ ಬರೆದ ಸಾಲಲ್ಲ; ಯಂತ್ರಕ್ಕಾಗಿ ಬರೆದ ಸಾಲು. ಆದರೂ ಚೆಕ್ಕಿನ ಮೂಲಕ ಸಂಬಳ ಪಡೆಯುವವರ ದುಡಿಮೆಯ ಫಲ ಮನೆ ಸೇರುವುದು ಆ ಸಾಲು ತೋರಿಸಿದ ದಾರಿಯಿಂದಲೇ.

ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಅಧ್ಯಾಪಕನಾಗಿ ಸೇರಿದ್ದು 1985ರಲ್ಲಿ. ಆಗ ಸಂಬಳವೆಂದರೆ ಕೈಗೆ ಬರುವ ನೋಟುಗಳೇ. ತಿಂಗಳ ಮೊದಲ ವಾರದಲ್ಲಿ ಮುಖ್ಯೋಪಾಧ್ಯಾಯರು ಪಟ್ಟಣಕ್ಕೆ ಹೋಗಿ, ಹಣವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮರಳುತ್ತಿದ್ದರು. ನಾವು ಒಬ್ಬೊಬ್ಬರಾಗಿ ಹೋಗಿ, ಬಟವಾಡೆ ಪುಸ್ತಕದಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿ, ನೋಟುಗಳನ್ನು ಎಣಿಸಿಕೊಳ್ಳುತ್ತಿದ್ದೆವು. ಲೆಕ್ಕದಲ್ಲಿ ತಪ್ಪಾದರೆ ಅಲ್ಲಿಯೇ ಕೇಳಬಹುದಿತ್ತು; ಕೊಡುವವರೂ ಪಡೆಯುವವರೂ ಎದುರುಬದುರಾಗಿ ಇರುತ್ತಿದ್ದರು. ಕಾರ್ಖಾನೆಗಳು ಬೆಳೆದು, ಒಂದು ಊರಿನಲ್ಲಿ ದುಡಿದವರಿಗೆ ಇನ್ನೊಂದು ಊರಿನ ಕಚೇರಿಯಿಂದ ಸಂಬಳ ಬರತೊಡಗಿದ ಮೇಲೆ ಹಣದ ಬದಲು ಚೆಕ್ಕು ಪ್ರಯಾಣ ಮಾಡತೊಡಗಿತು.

ಚೆಕ್ಕು ಹಣವಲ್ಲ, ಹಣ ಕೊಡೆಂದು ಬ್ಯಾಂಕಿಗೆ ಬರೆದ ಆಜ್ಞೆ. ನಮ್ಮ ದೇಶದಲ್ಲಿ 1881ರ ಕಾಯಿದೆಯೊಂದು ಅದಕ್ಕೆ ಬಲ ಕೊಟ್ಟಿದೆ. ಬೆಂಗಳೂರಿನ ಶಾಖೆಯೊಂದರ ಮೇಲೆ ಬರೆದ ಚೆಕ್ಕನ್ನು ಗೌರಿಬಿದನೂರಿನ ಕಾರ್ಮಿಕನೊಬ್ಬ ತನ್ನ ಊರಿನ ಬ್ಯಾಂಕಿಗೆ ಕಟ್ಟಿದನೆಂದು ಭಾವಿಸಿರಿ. ಹಿಂದೆ ಆ ಕಾಗದವೇ ಬೆಂಗಳೂರಿಗೆ ಹೋಗಬೇಕಾಗಿತ್ತು. ಗುಮಾಸ್ತರು ಅದನ್ನು ಪುಸ್ತಕದಲ್ಲಿ ದಾಖಲಿಸಿ ಟಪಾಲಿಗೆ ಹಾಕುತ್ತಿದ್ದರು. ಬೆಂಗಳೂರಿನಲ್ಲಿ ಇನ್ನೊಬ್ಬ ಗುಮಾಸ್ತರು ಅದನ್ನು ಬ್ಯಾಂಕಿನ ಪ್ರಕಾರ ಬೇರ್ಪಡಿಸಬೇಕು. ಮತ್ತೊಬ್ಬರು ಶಾಖೆಯ ಪ್ರಕಾರ ಬೇರ್ಪಡಿಸಬೇಕು. ಎಲ್ಲ ಬ್ಯಾಂಕುಗಳವರು ಸೇರಿ ಪರಸ್ಪರ ಚೆಕ್ಕುಗಳನ್ನು ಬದಲಾಯಿಸಿಕೊಳ್ಳುವ ಸ್ಥಳಕ್ಕೆ ತೀರುವೆ ಮನೆ ಎಂದು ಹೆಸರು. ದಿನಕ್ಕೆ ನೂರು ಚೆಕ್ಕುಗಳಾದರೆ ಕಣ್ಣು ಸಾಕು, ಕೈ ಸಾಕು. ಸಾವಿರ, ಲಕ್ಷವಾದರೆ ಮನುಷ್ಯನ ಕಣ್ಣು ಸೋಲುತ್ತದೆ. ದಣಿದ ಕಣ್ಣು ತಪ್ಪು ಮಾಡುತ್ತದೆ.

ಈ ಸಂಕಟ ಮೊದಲು ತೀವ್ರವಾದದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಚೆಕ್ಕುಗಳ ಸಂಖ್ಯೆ ಹೊಳೆಯಂತೆ ಉಕ್ಕಿತು. ಬ್ಯಾಂಕ್ ಆಫ್ ಅಮೆರಿಕ ಎಂಬ ಸಂಸ್ಥೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ನೆರವು ಬೇಡಿತು. ಅಲ್ಲಿನ ಎಂಜಿನಿಯರುಗಳು ಚೆಕ್ಕಿನ ಲೆಕ್ಕ ನೋಡುವ ಯಂತ್ರವೊಂದನ್ನು ನಿರ್ಮಿಸಿ 1955ರಲ್ಲಿ ಜನರೆದುರು ತೋರಿಸಿದರು. ಯಂತ್ರ ಅಂಕಿಗಳನ್ನು ಓದಬೇಕಾದರೆ ಅಂಕಿಗಳನ್ನೇ ಹೊಸ ಬಗೆಯಲ್ಲಿ ಅಚ್ಚು ಮಾಡಬೇಕೆಂಬುದು ಅವರು ಕಂಡುಕೊಂಡ ಸತ್ಯ. ಈ ವಿಧಾನಕ್ಕೆ ‘ಮ್ಯಾಗ್ನೆಟಿಕ್ ಇಂಕ್ ಕ್ಯಾರೆಕ್ಟರ್ ರೆಕಗ್ನಿಷನ್’ ಎಂದು ಹೆಸರಾಯಿತು. ಕಾಂತದ ಶಾಯಿಯಿಂದ ಬರೆದ ಅಕ್ಷರಗಳನ್ನು ಗುರುತಿಸುವುದು ಎಂದು ಇದರ ಅರ್ಥ. ಬ್ಯಾಂಕಿನವರು ಇದನ್ನು ಚಿಕ್ಕದಾಗಿ ಎಂ.ಐ.ಸಿ.ಆರ್. ಎನ್ನುತ್ತಾರೆ. ಭಾರತದಲ್ಲಿ ಬ್ಯಾಂಕುಗಳ ಯಾಂತ್ರೀಕರಣವನ್ನು ಕುರಿತು ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಆ ದಶಕದ ಉತ್ತರಾರ್ಧದಲ್ಲಿ ರಿಸರ್ವ್ ಬ್ಯಾಂಕು ಮುಂಬಯಿ, ದೆಹಲಿ, ಮದ್ರಾಸು, ಕಲ್ಕತ್ತೆಗಳಲ್ಲಿ ಈ ಪದ್ಧತಿಯನ್ನು ಜಾರಿಗೆ ತಂದಿತು. ಅನಂತರ ಅದು ಇತರ ನಗರಗಳಿಗೂ ಹರಡಿತು.

ಈ ಶಾಯಿಯ ಗುಟ್ಟೇನು? ಅದರಲ್ಲಿ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ ಬೆರೆತಿರುತ್ತದೆ. ಚೆಕ್ಕು ಯಂತ್ರದೊಳಗೆ ಓಡುವಾಗ ಮೊದಲು ಒಂದು ಕಾಂತದ ಬಳಿ ಹಾದುಹೋಗುತ್ತದೆ. ಶಾಯಿಯಲ್ಲಿರುವ ಕಣಗಳು ಕಾಂತತ್ವವನ್ನು ಪಡೆಯುತ್ತವೆ. ಬಳಿಕ ಅದು ತಂತಿಯ ಸುರುಳಿಯುಳ್ಳ ಓದುಗೊಂಡಿಯೊಂದರ ಮುಂದೆ ಸಾಗುತ್ತದೆ. ಕಾಂತಕ್ಷೇತ್ರ ಬದಲಾಗುವಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬ ನಿಯಮವನ್ನು ನೀವು ವಿಜ್ಞಾನದ ಪಾಠದಲ್ಲಿ ಓದುವಿರಿ. ಅಂಕಿಯ ಗೆರೆ ಆರಂಭವಾದೊಡನೆ ವಿದ್ಯುತ್ತಿನ ಅಲೆ ಏಳುತ್ತದೆ. ಗೆರೆ ಮುಗಿದೊಡನೆ ಬೀಳುತ್ತದೆ. ಒಂದೊಂದು ಅಂಕಿಯ ಅಲೆಗೂ ಒಂದೊಂದು ರೂಪ. ಅಂಕಿಗಳ ಹೊಟ್ಟೆ, ಪಾದಗಳನ್ನು ಹಾಗೆ ಉಬ್ಬಿಸಿರುವುದು ಅಲಂಕಾರಕ್ಕಲ್ಲ. ಯಾವ ಎರಡು ಅಂಕಿಗಳ ಅಲೆಯೂ ಒಂದೇ ತೆರನಾಗಿ ಇರಬಾರದೆಂಬ ಕಾರಣಕ್ಕೆ.

ಕತ್ತಲಲ್ಲಿ ಜಗುಲಿಯ ಮೇಲೆ ಕುಳಿತ ಹಿರಿಯರು ದಾರಿಯಲ್ಲಿ ಹೋಗುವ ಎತ್ತಿನ ಬಂಡಿಯ ಸದ್ದನ್ನು ಕೇಳಿಯೇ ಅದು ಯಾರ ಮನೆಯ ಬಂಡಿಯೆಂದು ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಯಂತ್ರವೂ ಹಾಗೆಯೇ. ಅದು ಅಂಕಿಯನ್ನು ನೋಡುವುದಿಲ್ಲ. ಅಂಕಿ ಹಾದುಹೋದ ಸದ್ದನ್ನು ಕೇಳಿ ಗುರುತಿಸುತ್ತದೆ ಎನ್ನಬಹುದು. ಆದ್ದರಿಂದಲೇ ಆ ಸಾಲಿನ ಮೇಲೆ ಸಾಮಾನ್ಯ ಶಾಯಿಯ ಮುದ್ರೆಯ ಕಲೆ ಬಿದ್ದರೂ ಕಾಂತದ ಓದಿಗೆ ಅಷ್ಟು ತೊಂದರೆಯಾಗದು. ನಮ್ಮ ಕಣ್ಣಿಗೆ ಮರೆಯಾದದ್ದು ಅದಕ್ಕೆ ಮರೆಯಾಗುವುದಿಲ್ಲ. ಇನ್ನು, ಅದೇ ಅಂಕಿಯನ್ನು ಸಾಮಾನ್ಯ ಶಾಯಿಯಿಂದ ಎಷ್ಟು ಅಂದವಾಗಿ ಅಚ್ಚು ಮಾಡಿದರೂ ಈ ಯಂತ್ರಕ್ಕೆ ಅದು ಬರಿಯ ಬಿಳಿಯ ಹಾಳೆ.

ನಮ್ಮ ದೇಶದ ಚೆಕ್ಕುಗಳಲ್ಲಿ ಬಳಸುವ ಲಿಪಿಯ ಹೆಸರು ಇ-13ಬಿ. ಅದರಲ್ಲಿರುವುದು 14 ಚಿಹ್ನೆಗಳು ಮಾತ್ರ: ಹತ್ತು ಅಂಕಿಗಳು, ಒಂದು ಭಾಗ ಮುಗಿದು ಇನ್ನೊಂದು ಭಾಗ ತೊಡಗಿತೆಂದು ಸೂಚಿಸುವಂತಹ ನಾಲ್ಕು ಗುರುತುಗಳು. ಗೆರೆಗಳ ರಚನೆಗೆ ಅಂಗುಲದ ಸಾವಿರ ಭಾಗಗಳಲ್ಲಿ 13 ಭಾಗವೇ ಮೂಲಮಾನ; ಹೆಸರಿನಲ್ಲಿರುವ 13 ಬಂದದ್ದು ಅದರಿಂದ. ಒಂದು ಅಂಗುಲದೊಳಗೆ ಸರಿಯಾಗಿ ಎಂಟು ಚಿಹ್ನೆಗಳು ನಿಲ್ಲಬೇಕು. ಏಳೂ ಆಗದು, ಒಂಬತ್ತೂ ಆಗದು.

ಛಂದಸ್ಸಿನ ಪಾಠದಲ್ಲಿ ನೀವು ಭಾಮಿನಿ ಷಟ್ಪದಿಯನ್ನು ಕಲಿಯುತ್ತೀರಿ. ಅದರ ಮೊದಲ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು ಬರಬೇಕು; ಒಂದು ಮಾತ್ರೆ ಕಳೆದರೆ ಪದ್ಯ ಕುಂಟುತ್ತದೆ. ಚೆಕ್ಕಿನ ಕೊನೆಯ ಸಾಲಿಗೂ ಅಂತಹ ಒಂದು ಛಂದಸ್ಸುಂಟು. ಅದರ ಗಣಗಳು ಆರು, ಒಂಬತ್ತು, ಆರು, ಎರಡು. ಎಡಗಡೆಯಿಂದ ಮೊದಲ ಆರು ಅಂಕಿಗಳು ಚೆಕ್ಕಿನ ಸಂಖ್ಯೆ. ಮುಂದಿನ ಒಂಬತ್ತು ಅಂಕಿಗಳು ಊರು, ಬ್ಯಾಂಕು, ಶಾಖೆಗಳ ಗುರುತು. ಆಮೇಲಿನ ಆರು ಅಂಕಿಗಳು ಖಾತೆಗೆ ಸಂಬಂಧಿಸಿದವು. ಕೊನೆಯ ಎರಡು ಅಂಕಿಗಳು ಖಾತೆಯ ಬಗೆಯನ್ನು ಹೇಳುತ್ತವೆ: 10 ಎಂದರೆ ಉಳಿತಾಯ ಖಾತೆ, 11 ಎಂದರೆ ಚಾಲ್ತಿ ಖಾತೆ, ದೇಶದ ಎಲ್ಲೆಡೆಯೂ ಒಂದೇ ಬೆಲೆಗೆ ನಡೆಯುವ ಉಳಿತಾಯ ಖಾತೆಯ ಚೆಕ್ಕಿಗೆ 31. ಒಟ್ಟು 23 ಅಂಕಿಗಳು.

ನಡುವಣ ಒಂಬತ್ತು ಅಂಕಿಗಳಲ್ಲಿ ಮೂರು ಮೂರರ ಮೂರು ಗುಂಪುಗಳಿವೆ. ಮೊದಲ ಗುಂಪು ಊರನ್ನೂ ಎರಡನೆಯದು ಬ್ಯಾಂಕನ್ನೂ ಮೂರನೆಯದು ಶಾಖೆಯನ್ನೂ ಸೂಚಿಸುತ್ತದೆ. ಬೆಂಗಳೂರಿಗೆ 560. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಕ್ಕೆ 002, ಕೆನರಾ ಬ್ಯಾಂಕಿಗೆ 015. ಊರಿನ ಈ ಮೂರು ಅಂಕಿಗಳನ್ನು ಹೊಸದಾಗಿ ಹುಡುಕಲಿಲ್ಲ. ಅಂಚೆಯ ಪಿನ್ ಸಂಖ್ಯೆಯ ಮೊದಲ ಮೂರು ಅಂಕಿಗಳಿಗೆ ಹೊಂದುವಂತೆ ಯೋಜಿಸಿದರು. ಪಿನ್ ಪದ್ಧತಿ ನಮ್ಮಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತ್ತು. ನಮ್ಮ ಸುತ್ತಲಿನ ನಾಲ್ಕು ಪಟ್ಟಣಗಳನ್ನೇ ನೋಡಿರಿ. ಚಿಕ್ಕಬಳ್ಳಾಪುರದ ಪಿನ್ 562101, ಶಿಡ್ಲಘಟ್ಟದ್ದು 562105, ಗೌರಿಬಿದನೂರಿನದು 561208, ಚಿಂತಾಮಣಿಯದು 563125. 2007ರಿಂದ ಈ ನಾಲ್ಕೂ ಒಂದೇ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆದರೆ ಅಂಚೆಯ ಲೆಕ್ಕದಲ್ಲಿ ಅವು 561, 562, 563 ಎಂಬ ಮೂರು ಗುಂಪುಗಳಲ್ಲಿ ಹಂಚಿಹೋಗಿವೆ. ಆಡಳಿತದ ಎಲ್ಲೆ ಬೇರೆ, ಕಾಗದ ಸಾಗುವ ದಾರಿಯ ಎಲ್ಲೆ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಸಂಬಳದ ಚೆಕ್ಕುಗಳನ್ನು ಕಚೇರಿಗಳು ಯಂತ್ರದಿಂದ ಅಚ್ಚು ಮಾಡುವಾಗ ಈ ಛಂದಸ್ಸಿನ ಮಹತ್ತ್ವ ಇನ್ನೂ ಹೆಚ್ಚು. ಕೊನೆಯ ಸಾಲನ್ನು ಬ್ಯಾಂಕು ತಾನೇ ಭದ್ರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ ಕೊಡುತ್ತದೆ. ಕಚೇರಿಯ ಮುದ್ರಣಯಂತ್ರ ಅಚ್ಚು ಮಾಡತಕ್ಕದ್ದು ಹೆಸರು, ಮೊತ್ತ, ತಾರೀಖುಗಳನ್ನು ಮಾತ್ರ. ತಾರೀಖಿನ ಎಂಟು ಅಂಕಿಗಳು ಅವುಗಳಿಗೆಂದೇ ಮೀಸಲಾದ ಎಂಟು ಮನೆಗಳಲ್ಲಿ ಬೀಳಬೇಕು. ಜೂನ್ ತಿಂಗಳೆಂದರೆ 6 ಅಲ್ಲ, 06. ಹಾಳೆ ತುಸು ಓರೆಯಾದರೂ ಒಂದು ಮನೆಯ ಅಂಕಿ ಇನ್ನೊಂದು ಮನೆಗೆ ಜಾರುತ್ತದೆ. ಅಡಿಯ ಬಿಳಿಯ ಪಟ್ಟಿಯಲ್ಲಿ ಸಹಿಯಾಗಲಿ, ಮೊಹರಾಗಲಿ, ಬೇರೆ ಬರಹವಾಗಲಿ ಇರಬಾರದು. ಸಂಬಳದ ಚೀಟಿಯನ್ನು ಚೆಕ್ಕಿಗೆ ಸೇರಿಸಿ ಅಲ್ಲಿ ಪಿನ್ನು ಹೊಡೆಯಬಾರದು. ಆ ಪಟ್ಟಿಯನ್ನು ಮಡಿಸಲೂ ಬಾರದು. ಯಂತ್ರ ಊಹೆ ಮಾಡುವುದಿಲ್ಲ. ಓದಲು ಬಾರದ ಚೆಕ್ಕನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿಂದ ಮುಂದೆ ಮನುಷ್ಯರು ಅದನ್ನು ಕೈಯಿಂದ ಸರಿಪಡಿಸಬೇಕು. ಅಷ್ಟು ಹೊತ್ತು ಆ ಚೆಕ್ಕಿನ ಒಡೆಯನ ಮನೆಯಲ್ಲಿ ಕಾಯುವವರು ಕಾಯಬೇಕು.

ಚೆಕ್ಕಿನ ಸಂಖ್ಯೆಗೆ ಆರು ಮನೆಗಳೆಂದೆ. ನಾನ್ನೂರ ಹನ್ನೆರಡನೆಯ ಚೆಕ್ಕಾದರೆ 412 ಎಂದು ಹಾಕಿದರೆ ಸಾಲದು. 000412 ಎಂದೇ ಹಾಕಬೇಕು. ಗಣಿತದಲ್ಲಿ ಬಲಗಡೆಯ ಸೊನ್ನೆಗೆ ಬೆಲೆಯುಂಟು, ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ನಾವು ಚಿಕ್ಕಂದಿನಲ್ಲಿಯೇ ಕಲಿತಿದ್ದೇವೆ. ಆ ಮಾತು ಎಣಿಕೆಗೆ ಸರಿ, ಗುರುತಿಗೆ ಸರಿಯಲ್ಲ. ಈ ಭೇದವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಬ್ಬ ತಾಯಿಯ ಕಷ್ಟದಿಂದ ಕಲಿತೆ.

2013ರ ಜೂನ್ ತಿಂಗಳು. ನಾನಾಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಆಡಳಿತ ಮಂಡಲಿಯವರು ತಮ್ಮ ನಿಧಿಯಿಂದ ಕೆಲವರಿಗೆ ಸಂಬಳ ಕೊಡುತ್ತಿದ್ದರು. ಅದುವರೆಗೆ ಚೆಕ್ಕು ಬರೆದು ಕೊಡುತ್ತಿದ್ದರು. ಆ ತಿಂಗಳಿಂದ ಎಲ್ಲರ ಖಾತೆಯ ಸಂಖ್ಯೆಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಬ್ಯಾಂಕಿಗೆ ಕೊಡುವುದೆಂದು ಗೊತ್ತಾಯಿತು. ನನ್ನ ಅಕ್ಷರ ದುಂಡಗಿದೆ, ಕೆಲಸ ಅಚ್ಚುಕಟ್ಟು ಎಂಬ ನಂಬಿಕೆಯಿಂದ ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಒಂದೊಂದೇ ಸಂಖ್ಯೆಯನ್ನು ಪಾಸ್‌ಪುಸ್ತಕದಿಂದ ನೋಡಿ ಹಾಕಿದೆ. ಮೊತ್ತವನ್ನು ಎರಡು ಸಲ ಕೂಡಿ ನೋಡಿದೆ. ಎಲ್ಲವೂ ಸರಿಯಾಗಿದೆಯೆಂದು ತೃಪ್ತನಾದೆ.

ಸಂಬಳದ ದಿನ ಕಳೆದು ಒಂಬತ್ತು ದಿನಗಳಾಗಿದ್ದುವು. ಶಾಲೆಯ ಕೊಠಡಿಗಳನ್ನು ಗುಡಿಸುತ್ತಿದ್ದ ಆಯಮ್ಮನವರು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತರು.

“ಮೇಷ್ಟ್ರೇ, ಎಲ್ಲರಿಗೂ ಸಂಬಳ ಬಂತಂತೆ. ನನಗೆ ಮಾತ್ರ ಬಂದಿಲ್ಲ. ನಾನೇನಾದರೂ ತಪ್ಪು ಮಾಡಿದೆನೆ?” ಎಂದು ಕೇಳಿದರು.

ನನ್ನೆದೆ ಧಸಕ್ಕೆಂದಿತು. ಪಾಸ್‌ಪುಸ್ತಕವನ್ನು ತರಿಸಿ ಪಟ್ಟಿಯೊಡನೆ ಹೋಲಿಸಿದೆ. ಅವರ ಖಾತೆಯ ಸಂಖ್ಯೆ ಎರಡು ಸೊನ್ನೆಗಳಿಂದ ಆರಂಭವಾಗುತ್ತಿತ್ತು. ನಾನು ಆ ಸೊನ್ನೆಗಳನ್ನು ಒತ್ತಿದ್ದೆ, ನಿಜ. ಆದರೆ ಕಂಪ್ಯೂಟರು ಅದನ್ನು ಎಣಿಕೆಯ ಸಂಖ್ಯೆಯೆಂದು ಬಗೆದು, ಎಡಗಡೆಯ ಸೊನ್ನೆಗಳಿಗೆ ಬೆಲೆಯಿಲ್ಲವೆಂದು ಅವನ್ನು ತಾನಾಗಿ ಅಳಿಸಿಹಾಕಿತ್ತು. ಆ ಮನೆಯನ್ನು ಅಂಕಿಗಳ ಮನೆಯಲ್ಲ, ಅಕ್ಷರಗಳ ಮನೆಯೆಂದು ಮೊದಲೇ ಗೊತ್ತುಮಾಡಬೇಕಾಗಿತ್ತು. ಅದು ನನಗೆ ತಿಳಿದಿರಲಿಲ್ಲ. ಅಚ್ಚಾದ ಪಟ್ಟಿಯನ್ನು ಮೂಲದೊಡನೆ ಇನ್ನೊಮ್ಮೆ ಹೋಲಿಸಿಯೂ ಇರಲಿಲ್ಲ. ಅಂತಹ ಖಾತೆಯಿಲ್ಲವೆಂದು ಹಣ ಹಿಂದಿರುಗಿತ್ತು. ಪಟ್ಟಿಯಲ್ಲಿ ಅವರ ಹೆಸರು ಸ್ಪಷ್ಟವಾಗಿಯೇ ಇತ್ತು; ಆದರೆ ಹೆಸರನ್ನು ನೋಡಿ ‘ಇವರೇ ಇರಬೇಕು’ ಎಂದುಕೊಳ್ಳುವ ಕರುಣೆ ಯಂತ್ರಕ್ಕಿಲ್ಲ.

ಅವರ ಮಗಳು ಆ ವರ್ಷ ಚಿಂತಾಮಣಿಯಲ್ಲಿ ಕಾಲೇಜಿಗೆ ಸೇರಬೇಕಾಗಿತ್ತು. ಶುಲ್ಕ ಕಟ್ಟುವ ಕೊನೆಯ ದಿನ ಬಂದಾಗ ಆ ತಾಯಿ ಕಿವಿಯ ಓಲೆಗಳನ್ನು ಗಿರವಿಯಿಟ್ಟು ಹಣ ತಂದಿದ್ದರು. ಇದು ನನಗೆ ತಿಳಿದದ್ದು ಅವರ ಬರಿಯ ಕಿವಿಗಳನ್ನು ಕಂಡ ಮೇಲೆ. ಪಟ್ಟಿಯನ್ನು ಅಂದೇ ತಿದ್ದಿ ಕಳುಹಿಸಿದೆ, ಹಣ ಬಂದಿತು. ಗಿರವಿಯ ಬಡ್ಡಿಯನ್ನು ನಾನು ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ.

“ಮುಂದಿನ ತಿಂಗಳು ಸರಿಯಾಗಿ ಬರೆಯಿರಿ ಮೇಷ್ಟ್ರೇ, ಅಷ್ಟೇ ಸಾಕು” ಎಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಮೂವತ್ತು ವರ್ಷ ಮಕ್ಕಳ ಬರಹದಲ್ಲಿ ಬಿಟ್ಟುಹೋದ ಸೊನ್ನೆಗಳನ್ನೂ ಒತ್ತಕ್ಷರಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದವನು ನಾನು. ನನ್ನ ಬರಹವನ್ನು ತಿದ್ದಿದವರು ಓದು ಬಾರದ ಆ ತಾಯಿ.

ಕಾಲ ಅಲ್ಲಿಗೇ ನಿಲ್ಲಲಿಲ್ಲ. ಚೆಕ್ಕಿನ ಕಾಗದವನ್ನು ಊರೂರಿಗೆ ಸಾಗಿಸುವ ಬದಲು ಅದರ ಚಿತ್ರವನ್ನೂ ಕೊನೆಯ ಸಾಲಿನ ಅಂಕಿಗಳನ್ನೂ ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸುವ ಪದ್ಧತಿ 2008ರ ಫೆಬ್ರವರಿ 1ರಂದು ದೆಹಲಿಯಲ್ಲಿ ಆರಂಭವಾಯಿತು. ಇಂತಹ ಚಿತ್ರಕ್ಕೆ ಮಾನ್ಯತೆ ದೊರೆಯುವಂತೆ 1881ರ ಕಾಯಿದೆಯನ್ನು 2002ರಲ್ಲಿಯೇ ತಿದ್ದಿದ್ದರು. 2011ರಲ್ಲಿ ಚೆನ್ನೈ ಕೇಂದ್ರ ತೆರೆಯಿತು. 2021ರಲ್ಲಿ ದೇಶದ ಎಲ್ಲ ಶಾಖೆಗಳನ್ನೂ ಈ ಪದ್ಧತಿಗೆ ಸೇರಿಸುವ ನಿರ್ಧಾರವಾಯಿತು. ಈಗ ಗೌರಿಬಿದನೂರಿನಲ್ಲಿ ಕಟ್ಟಿದ ಚೆಕ್ಕು ಬೆಂಗಳೂರಿಗೆ ಪ್ರಯಾಣ ಮಾಡಬೇಕಾಗಿಲ್ಲ. ಅದು ಕಟ್ಟಿದ ಬ್ಯಾಂಕಿನಲ್ಲಿಯೇ ಉಳಿಯುತ್ತದೆ. ಕಾಗದ ನಿಂತರೂ ಕೊನೆಯ ಸಾಲಿನ ಕೆಲಸ ನಿಂತಿಲ್ಲ.

ನೇರವಾಗಿ ಖಾತೆಯಿಂದ ಖಾತೆಗೆ ಹಣ ಕಳುಹಿಸುವವರಿಗೆ ಐ.ಎಫ್.ಎಸ್.ಸಿ. ಎಂಬ ಹನ್ನೊಂದು ಚಿಹ್ನೆಗಳ ಇನ್ನೊಂದು ಗುರುತಿದೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕಿನವು, ಕೊನೆಯ ಆರು ಚಿಹ್ನೆಗಳು ಶಾಖೆಯವು, ಐದನೆಯದು ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಬರೆದು ತೊಂದರೆಗೆ ಸಿಕ್ಕಿದವರು ಹಲವರು. ಇಲ್ಲಿಯೂ ಸೊನ್ನೆಯದೇ ಪರೀಕ್ಷೆ!

ಗುರುತುಗಳೂ ಶಾಶ್ವತವಲ್ಲ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1960ರಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯದ ಅಂಗಸಂಸ್ಥೆಯಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿಕೊಂಡಿತು. 2017ರ ಏಪ್ರಿಲ್ 1ರಂದು ಮಾತೃಸಂಸ್ಥೆಯಲ್ಲಿ ಲೀನವಾಯಿತು. ಆಗ ಅದರ ಶಾಖೆಗಳ ಗುರುತಿನಲ್ಲಿದ್ದ ಎಸ್.ಬಿ.ಎಂ.ವೈ. ಎಂಬ ನಾಲ್ಕು ಅಕ್ಷರಗಳು ಹೋಗಿ ಎಸ್.ಬಿ.ಐ.ಎನ್. ಎಂಬುವು ಬಂದುವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದುವು. ಇಂತಹ ಸಂದರ್ಭಗಳಲ್ಲಿ ಹಳೆಯ ಚೆಕ್ಕುಪುಸ್ತಕಗಳು ಗೊತ್ತಾದ ಅವಧಿಯ ಬಳಿಕ ನಡೆಯುವುದಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಚೆಕ್ಕು ಹಳೆಯ ಊರಿನ ವಿಳಾಸದಂತೆ. ಬರೆದ ಅಂಕಿಗಳು ಇರುತ್ತವೆ, ಅಲ್ಲಿ ವಾಸಿಸುವವರಿರುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿ ಹಾಲಿನ ಹಣವೋ, ರೇಷ್ಮೆಗೂಡಿನ ಹಣವೋ, ಕಾರ್ಖಾನೆಯ ಸಂಬಳವೋ, ನಿಮ್ಮದೇ ವಿದ್ಯಾರ್ಥಿವೇತನವೋ ಇಂದು ಬ್ಯಾಂಕಿನ ಖಾತೆಗೆ ಬರುತ್ತಿರಬಹುದು. ಅರ್ಜಿಯ ಚೌಕಗಳಲ್ಲಿ ಖಾತೆಯ ಸಂಖ್ಯೆಯನ್ನು ತುಂಬುವ ಕೆಲಸ ಹಲವು ಮನೆಗಳಲ್ಲಿ ಓದು ಬಲ್ಲ ಮಕ್ಕಳಿಗೇ ಬೀಳುತ್ತದೆ. ಹಾಗೆ ತುಂಬುವಾಗ ಪಾಸ್‌ಪುಸ್ತಕವನ್ನು ಮುಂದಿಟ್ಟುಕೊಳ್ಳಿರಿ, ಬಾಯಿಪಾಠವನ್ನು ನಂಬಬೇಡಿರಿ. ಮೊದಲ ಸೊನ್ನೆಯನ್ನು ಬಿಡಬೇಡಿರಿ. ಬರೆದ ಮೇಲೆ ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಓದಿ ನೋಡಿರಿ. ಸಾಧ್ಯವಾದರೆ ಇನ್ನೊಬ್ಬರಿಂದ ಓದಿಸಿರಿ. ಇದರಿಂದ ಎರಡು ನಿಮಿಷ ಹೆಚ್ಚು ಹಿಡಿಯಬಹುದು.

ಯಂತ್ರ ನಮ್ಮ ಶ್ರಮವನ್ನು ಕಡಿಮೆ ಮಾಡಿದೆ. ನಮ್ಮ ಎಚ್ಚರಿಕೆಯನ್ನು ಕಡಿಮೆ ಮಾಡಿಲ್ಲ. ಬಟವಾಡೆ ಪುಸ್ತಕದ ಕಾಲದಲ್ಲಿ ಕೊಡುವವನು ಪಡೆಯುವವನ ಮುಖವನ್ನು ಕಾಣುತ್ತಿದ್ದ. ಇಂದು ಅಂಕಿಗಳನ್ನು ಬರೆಯುವವನಿಗೆ ಆ ಮುಖ ಕಾಣದು. ಕಾಣದ ಮುಖವನ್ನು ನೆನೆದು ಬರೆಯುವುದೇ ಈ ಕಾಲದ ಪ್ರಾಮಾಣಿಕತೆ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಯಾರಾದರೂ ಹೇಳಿದರೆ ನನಗೆ ಈಗಲೂ ಆ ಬರಿಯ ಕಿವಿಗಳು ಕಣ್ಣಮುಂದೆ ಬರುತ್ತವೆ.

ಅಭ್ಯಾಸ

1. ಕಾಂತದ ಶಾಯಿಯಿಂದ ಅಚ್ಚಾದ ಅಂಕಿಯನ್ನು ಯಂತ್ರ ಹೇಗೆ ಗುರುತಿಸುತ್ತದೆ?
2. ಲೇಖಕರು ಚೆಕ್ಕಿನ ಕೊನೆಯ ಸಾಲನ್ನು ಷಟ್ಪದಿಗೆ ಏಕೆ ಹೋಲಿಸಿದ್ದಾರೆ? ಅದರ ನಾಲ್ಕು ಭಾಗಗಳನ್ನು ವಿವರಿಸಿರಿ.
3. “ಆ ಮಾತು ಎಣಿಕೆಗೆ ಸರಿ, ಗುರುತಿಗೆ ಸರಿಯಲ್ಲ.” ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ಆಯಮ್ಮನವರು ಬಡ್ಡಿಯ ಹಣವನ್ನು ತೆಗೆದುಕೊಳ್ಳದಿದ್ದುದು ಅವರ ಯಾವ ಗುಣವನ್ನು ತೋರಿಸುತ್ತದೆ?
5. ನಿಮ್ಮ ಊರಿನ ಪಿನ್ ಸಂಖ್ಯೆಯನ್ನು ಬರೆದು, ಅದರ ಮೊದಲ ಮೂರು ಅಂಕಿಗಳನ್ನು ಹಿರಿಯರ ಬಳಿಯಿರುವ ಚೆಕ್ಕಿನ ಕೊನೆಯ ಸಾಲಿನೊಡನೆ ಹೋಲಿಸಿ ನೋಡಿರಿ.